ಹೊಗೆಯಿಲ್ಲದ ಜ್ವಾಲಾಮುಖಿ

ನಿಂಬೆಹಣ್ಣಿನ ಸಿಪ್ಪೆಯನ್ನು ಉಗುರಿನಿಂದ ಗೀರಿದರೆ ಈಗಲೂ ನನಗೆ ನಮ್ಮ ಹಳೆಯ ಕಾರಿನ ಹಿಂದಿನ ಸೀಟು ನೆನಪಾಗುತ್ತದೆ.

ಆಗ ನಾನು ಎರಡನೇ ಕ್ಲಾಸಿನಲ್ಲಿದ್ದೆ. ಮೈಸೂರಿನಿಂದ ಬಂದಿದ್ದ ಅಜ್ಜಿಯನ್ನೂ ನನ್ನನ್ನೂ ಕೂರಿಸಿಕೊಂಡು ಅಪ್ಪ ಲಾಸ್ ಏಂಜಲಿಸ್‌ಗೂ ದಕ್ಷಿಣಕ್ಕಿರುವ ಮೀರಾ ಮೆಸಾದ ನಮ್ಮ ಮನೆಯಿಂದ ಉತ್ತರದ ಮೊರೊ ಬೇ ಎಂಬ ಕಡಲೂರಿನ ಕಡೆಗೆ ಹೊರಟಿದ್ದರು. ಅಲ್ಲಿ ಸಮುದ್ರದ ಅಂಚಿನಲ್ಲೇ ಜ್ವಾಲಾಮುಖಿ ಇದೆ ಎಂದು ಅವರು ಹೇಳಿದ್ದರು. ನಾನು ಅದನ್ನು ಇಡೀ ಕ್ಲಾಸಿಗೆ ಸಾರಿ, ಸೋಮವಾರ ಬಂದು ಬೆಂಕಿಯ ವರದಿ ಕೊಡುವುದಾಗಿ ಮಾತು ಕೊಟ್ಟಿದ್ದೆ.

ಲಾಸ್ ಏಂಜಲಿಸ್ ದಾಟಿದ ಮೇಲೆ ಎಡಕ್ಕೆ ಸಮುದ್ರ ಹೊಳೆಯತೊಡಗಿತು. ಕಾರಿನಲ್ಲಿ ಹೊಟ್ಟೆ ತೊಳಸುತ್ತಿದ್ದ ಅಜ್ಜಿ ನಿಂಬೆಹಣ್ಣು ಮೂಸುತ್ತಾ, "ಇನ್ನೆಷ್ಟು ದೂರನೋ ನಿನ್ನ ಬೆಂಕಿ ಬೆಟ್ಟ?" ಎಂದು ಅಪ್ಪನನ್ನು ಕೇಳುತ್ತಿದ್ದರು.

ಮಧ್ಯಾಹ್ನ ನಮಗೆ ಕಂಡದ್ದು ನೀರಿನಿಂದ ಎದ್ದು ನಿಂತ ದೊಡ್ಡ ಬೂದು ಬಂಡೆ. ಅದರ ತುಂಬ ಹಕ್ಕಿಗಳು ಕೂತಿದ್ದವು.

"ಡ್ಯಾಡಿ, ಹೊಗೆ ಎಲ್ಲಿ?" ಎಂದೆ.

"ಇದು ಯಾವ ಕಾಲದಲ್ಲೋ ಆರಿ ಹೋಗಿದೆ ಪುಟ್ಟಿ."

ಕ್ಲಾಸಿನಲ್ಲಿ ಏನು ಹೇಳಲಿ ಎಂದು ನಾನು ಅಳತೊಡಗಿದೆ. ಅಜ್ಜಿ ಇಳಿದು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಪುಳಿಯೋಗರೆ ಡಬ್ಬಿ ತೆರೆದರು.

"ಒಲೆ ಆರಿದೆ ಅಂದ್ರೆ ಅಡುಗೆ ಆಗಿದೆ ಅಂತ. ಬಾ, ಊಟಕ್ಕೆ ಕೂತ್ಕೋ."

ಅಪ್ಪ ಜೋರಾಗಿ ನಕ್ಕರು. ಅಷ್ಟರಲ್ಲಿ ಒಂದು ಕಡಲಹಕ್ಕಿ ಅವರ ಕೈಯಿಂದಲೇ ಹಪ್ಪಳ ಕಸಿದುಕೊಂಡು ಹಾರಿತು. ನನ್ನ ಅಳು ಅಲ್ಲಿಗೆ ನಿಂತಿತು.

ಸೋಮವಾರ ನಾನು ಎದ್ದು ನಿಂತು, ಜ್ವಾಲಾಮುಖಿಯ ಬುಡದಲ್ಲಿ ಕೂತು ನಮ್ಮಜ್ಜಿ ನನಗೆ ಎರಡು ಸಲ ಅನ್ನ ಬಡಿಸಿದರು ಎಂದೆ. ಹೊಗೆಯ ಬಗ್ಗೆ ಯಾರೂ ಕೇಳಲಿಲ್ಲ. ಅಂಥ ಧೈರ್ಯದ ಅಜ್ಜಿಯನ್ನು ಸ್ಕೂಲಿಗೆ ಯಾವಾಗ ಕರೆತರುತ್ತೀಯ ಎಂದು ಎಲ್ಲರೂ ಕೇಳಿದರು.