ಎದುರು ಅಂಗಡಿಯ ಬಿಸಿಗಾಳಿ

ಮೆಲಿಸ್‌ನ ಕೌಂಟರಿನ ಮುಂದೆ ಇವತ್ತೂ ಜನ. ಸಾಗಿನ್ ತನ್ನ ಅಂಗಡಿಯಲ್ಲಿ ಕೂತು ಭೂತಗನ್ನಡಿಯನ್ನು ಫೋನಿನ ಬೋರ್ಡಿನ ಮೇಲೆ ಹಿಡಿದಿದ್ದ. ಕಣ್ಣು ಮಾತ್ರ ಎದುರು ಅಂಗಡಿಯಲ್ಲಿತ್ತು. ಅಲ್ಲಿ ಒಬ್ಬ ಹೆಂಗಸಿನ ಸತ್ತ ಫೋನಿಗೆ ಜೀವ ಬಂದಿತ್ತು. ಅವಳು ಮೆಲಿಸ್‌ನ ಕೈಗೆ ಮುತ್ತಿಕ್ಕುವುದೊಂದು ಬಾಕಿ.

ಬಿಶ್ಕೆಕ್‌ನ ಈ ನೆಲಮಾಳಿಗೆಯ ಫೋನ್ ಬಜಾರಿನಲ್ಲಿ ಸಾಗಿನ್ ಅಂಗಡಿ ಇಟ್ಟಾಗ ಮೆಲಿಸ್ ಇನ್ನೂ ಕುರಿ ಕಾಯುತ್ತಿದ್ದ. ಇಬ್ಬರೂ ಒಂದೇ ಕುಲದವರು. ಮದುವೆಗೂ ಸಾವಿಗೂ ಒಂದೇ ತಟ್ಟೆಯ ಮಾಂಸ ತಿಂದವರು. ಬಜಾರಿನಲ್ಲಿ ಮಾತ್ರ ಸಲಾಮು ಸಹ ಇಲ್ಲ. ಹೋದ ವಾರ ಬಜಾರಿನ ಮ್ಯಾನೇಜರ್ ಬಂದು, ಹಿರಿಯಣ್ಣನನ್ನು ಕರೆಯುವಂತೆ ‘ಬೈಕೆ’ ಎಂದು ಕರೆದು, ನಯವಾಗಿಯೇ ಹೇಳಿದ್ದ: ‘ಖಾಲಿ ಕೌಂಟರ್ ಅಪಶಕುನ, ಬೈಕೆ. ನೌರೂಜ್ ಹಬ್ಬದ ಹೊತ್ತಿಗೂ ಹೀಗೇ ಇದ್ರೆ ಈ ಜಾಗ ಫೋನ್ ಕವರ್ ಮಾರೋರಿಗೆ ಕೊಡ್ತೀನಿ.’

ಎದುರಿನ ಜನಸಂದಣಿಗೆ ಕಾರಣವನ್ನು ಸಾಗಿನ್ ಆಗಲೇ ಕಂಡುಹಿಡಿದಿದ್ದ. ಕೈಚಳಕದಲ್ಲಿ ಮೆಲಿಸ್ ತನ್ನ ಉಗುರಿಗೂ ಸಮನಲ್ಲ. ಹಾಗಾದರೆ ಯಂತ್ರ. ಬಿಶ್ಕೆಕ್‌ನಲ್ಲಿ ಕೂದಲು ಒಣಗಿಸುವುದಕ್ಕೂ ಚಿಪ್ ಬಿಚ್ಚುವ ಬಿಸಿಗಾಳಿ ಯಂತ್ರಕ್ಕೂ ಒಂದೇ ಹೆಸರು: ಫೇನ್. ಮೆಲಿಸ್‌ನದು ಎರಡು ಪರದೆಯ, ನೀಲಿ ದೀಪದ, ವಿಮಾನ ಚಾಲಕನ ಕೋಣೆಯಿಂದ ಕಿತ್ತು ತಂದಂತಿದ್ದ ಫೇನ್. ಸಾಗಿನ್‌ನದಕ್ಕೆ ಹಿಡಿ ಒಡೆದು ಟೇಪು ಸುತ್ತಿತ್ತು.

ಮಧ್ಯಾಹ್ನ ಬುರುಲ್ ಬಂದಳು. ಅಣ್ಣನ ಹೆಂಡತಿ, ಅವನ ಬಾಯಲ್ಲಿ ‘ಜೆಂಗೆ’. ಒಂದು ಕೈಯಲ್ಲಿ ಮಾಂಸ ತುಂಬಿದ ಬಿಸಿ ಸಂಸಾ, ಇನ್ನೊಂದರಲ್ಲಿ ಬಟ್ಟೆಯಲ್ಲಿ ಸುತ್ತಿದ ಬೋರ್ಡುಗಳು. ಸಾಗಿನ್‌ನ ಒಲೆ ಉರಿಯುತ್ತಿದ್ದುದೇ ಅವಳು ತರುವ ಈ ಕೆಲಸದಿಂದ. ಹಳ್ಳಿಯ ನೆಂಟರಿಂದ ಬಂದದ್ದೆಂದುಕೊಂಡು ಅವನು ಅದನ್ನು ‘ಹಳ್ಳಿ ಕಸ’ ಎನ್ನುತ್ತಿದ್ದ.

‘ತಗೋ ಹೊಗೆರಾಯ, ನಮ್ಮ ಸಣ್ಣವನು ಕೊಟ್ಟಿದ್ದು. ನಾಳೆ ಬೆಳಗ್ಗೆಗೆ ಬೇಕಂತೆ.’

‘ಯಾವ ಸಣ್ಣವನು, ಜೆಂಗೆ? ಆ ಟೋಕ್‌ಮೊಕ್‌ನಲ್ಲಿ ಫೋನ್ ಅಂಗಡಿ ಇಟ್ಟಿರೋನಾ?’

‘ಸಣ್ಣವನು ಅಂದ್ರೆ ಸಣ್ಣವನು. ಹೆಸರು ಹೇಳಿಸ್ಬೇಡ ನನ್ನ ಬಾಯಲ್ಲಿ.’

ಹಳೇ ಕಾಲದ ಸೊಸೆ. ಗಂಡನ ಕುಲದ ಗಂಡಸರಲ್ಲಿ ಯಾರ ಹೆಸರನ್ನೂ ಎತ್ತುವವಳಲ್ಲ. ಎಲ್ಲರಿಗೂ ಒಂದೊಂದು ಅಡ್ಡಹೆಸರು; ಬೆಸುಗೆಯ ಹೊಗೆಯಲ್ಲಿ ಕೂರುವ ಸಾಗಿನ್ ‘ಹೊಗೆರಾಯ’. ಜೆಂಗೆಯನ್ನು ಪೊಲೀಸಿನವನಂತೆ ಕೆದಕುವುದು ಮರ್ಯಾದಸ್ಥರ ಲಕ್ಷಣವಲ್ಲ. ಸಾಗಿನ್ ಸಂಸಾ ತಿಂದ, ಕೆಲಸ ಇಟ್ಟುಕೊಂಡ, ಟೋಕ್‌ಮೊಕ್‌ನ ಸೋದರಸಂಬಂಧಿಯ ದಡ್ಡತನಕ್ಕೆ ಮನಸ್ಸಿನಲ್ಲೇ ನಕ್ಕ.

ಅವಳು ಹೋದದ್ದೇ ತಡ, ಹಳೆಯ ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು ಯೂನುಸ್‌ನ ರಿಪೇರಿ ಸಾಮಾನಿನ ಅಂಗಡಿಗೆ ನಡೆದ.

‘ಯಾವ ಥರದ್ದು ಬೇಕು?’ ಯೂನುಸ್ ಕೇಳಿದ. ‘ಗಾಳಿ ಪಂಪು ಪೆಟ್ಟಿಗೆಯಲ್ಲಿರೋದಾ, ಹಿಡಿಯಲ್ಲೇ ಫ್ಯಾನ್ ಇರೋದಾ? ಸಣ್ಣ ಚಿಪ್ ಜಾಸ್ತಿನಾ, ದೊಡ್ಡದಾ? ಬೆಸುಗೆ ಕಡ್ಡಿನೂ ಜೊತೆಗೆ ಬೇಕಾ?’

ಸಾಗಿನ್ ಒಂದೊಂದನ್ನೂ ಎತ್ತಿದ, ತೂಗಿದ, ಮೂತಿಯೊಳಗೆ ಇಣುಕಿದ, ಕುದುರೆಯ ಹಲ್ಲು ನೋಡುವವನಂತೆ ತುಟಿ ಓರೆ ಮಾಡಿದ. ಆಮೇಲೆ ಕೇಳಿದ:

‘ಮೆಲಿಸ್ ಹತ್ರ ಇರೋದು ಯಾವುದು?’

‘ಓ, ಅದಾ!’ ಯೂನುಸ್‌ನ ಮೀಸೆ ಅರಳಿತು. ‘ಅವನದು ಇನ್ನೂ ಹೊಸದರ ಹಾಗೇ ಇದೆ, ಬೈಕೆ. ಒಂದು ಸಲನೂ ರಿಪೇರಿಗೆ ಬಂದಿಲ್ಲ.’

‘ಅದೇ ಕೊಡು. ಹಳೇದನ್ನ ಇಟ್ಕೊಂಡು ಮಿಕ್ಕ ದುಡ್ಡು ಎಷ್ಟು ಹೇಳು.’

‘ಮೊದಲು ಹಾಳು ಬೋರ್ಡಿನ ಮೇಲೆ ಕೈ ಪಳಗಿಸ್ಕೊಳ್ಳಿ. ಹಳೇದರ ಬಿಸಿಯ ಅಂಕಿ ಬೇರೆ, ಇದರ ಅಂಕಿ ಬೇರೆ.’

‘ಮೀನಿಗೆ ಈಜು ಕಲಿಸ್ತೀಯಾ?’

ಯೂನುಸ್ ಕಲಿಸಲಿಲ್ಲ. ಹಳೆಯ ಯಂತ್ರವನ್ನು ಬಿಡಿಭಾಗಗಳ ಬುಟ್ಟಿಗೆ ಹಾಕಿದ.

ಸಂಜೆ ನೀಲಿ ದೀಪ ಸಾಗಿನ್‌ನ ಮೇಜಿನ ಮೇಲೂ ಬೆಳಗಿತು. ಪಕ್ಕದ ಅಂಗಡಿಯವರು ನೋಡಲೆಂದೇ ಅದನ್ನು ಕೌಂಟರಿನ ಗಾಜಿಗೆ ತಾಗಿಸಿಟ್ಟ. ಕೈ ತನ್ನಷ್ಟಕ್ಕೆ ಗುಂಡಿ ತಿರುಗಿಸಿ ನಾನೂರೈವತ್ತು ಡಿಗ್ರಿಗೆ ತಂದಿತು. ಹಳೆಯ ಯಂತ್ರ ಸುಳ್ಳುಗಾರ. ನಾನೂರೈವತ್ತು ಎಂದು ಬರೆದುಕೊಂಡು ಮುನ್ನೂರೈವತ್ತರ ಗಾಳಿ ಬಿಡುತ್ತಿತ್ತು. ಆ ಸುಳ್ಳಿನ ಜೊತೆ ಅವನ ಕೈ ಸಂಸಾರ ಮಾಡಿತ್ತು. ಹೊಸದು ಸತ್ಯವಂತ. ಬುರುಲ್ ತಂದ ಮೊದಲ ಬೋರ್ಡು ಹಪ್ಪಳದಂತೆ ಉಬ್ಬಿತು. ಎರಡನೆಯದರಿಂದ ಸಾಸಿವೆಗಿಂತ ಸಣ್ಣ ಬಿಡಿಭಾಗಗಳು ಗಾಳಿಗೆ ಹಾರಿ ಚಹಾದಲ್ಲಿ ಬಿದ್ದವು. ಮೂರನೆಯದಕ್ಕೆ ಅಂಕಿ ಇಳಿಸಿದ, ಧೈರ್ಯವೂ ಇಳಿಯಿತು. ಬೆಸುಗೆ ಅರ್ಧವೇ ಕರಗಿದ್ದ ಚಿಪ್ ಅನ್ನು ಕಿತ್ತಾಗ ಕೆಳಗಿನ ತಾಮ್ರವೂ ಎದ್ದುಬಂತು.

ಬೆಳಗ್ಗೆ ಬುರುಲ್ ಬಂದಾಗ ಬಟ್ಟೆಯ ಗಂಟನ್ನು ಬಿಗಿಯಾಗಿ ಕಟ್ಟಿ ಕೊಟ್ಟ.

‘ನೀರಿಗೆ ಬಿದ್ದ ಬೋರ್ಡುಗಳು, ಜೆಂಗೆ. ಮೊದಲೇ ಸತ್ತಿದ್ವು. ಆ ನಿಮ್ಮ ಸಣ್ಣವನಿಗೆ ಹೇಳಿ, ಕುರಿ ಕಾಯೋಕೆ ಹೋಗು ಅಂತ.’

ಬುರುಲ್‌ಳ ಮುಖ ಹಿಟ್ಟಿನಂತೆ ಬೆಳ್ಳಗಾಯಿತು. ಗಂಟನ್ನು ಎದೆಗವಚಿಕೊಂಡು ಹೊರಟಳು.

ಸ್ವಲ್ಪ ಹೊತ್ತಿಗೆಲ್ಲ ಎದುರಿನಲ್ಲಿ ಗಲಾಟೆ. ‘ಫೋನ್ ರಿಪೇರಿ ಮಾಡು ಅಂದ್ರೆ ಕಬಾಬ್ ಮಾಡಿದ್ದೀಯಲ್ಲೋ!’ ಒಬ್ಬಳು ಕಿರುಚಿದಳು. ಇನ್ನೊಬ್ಬ ಗಿರಾಕಿ ಬಜಾರಿನ ಮ್ಯಾನೇಜರನ್ನು ಎಳೆದುಕೊಂಡು ಬಂದ. ಸಾಗಿನ್‌ಗೆ ನೌರೂಜ್ ಮೊದಲೇ ಬಂದಂತಾಯಿತು. ಅಂತೂ ಬಣ್ಣ ಬಯಲಾಯಿತು! ಅಂಗಿಯ ಕಾಲರ್ ಸರಿಮಾಡಿಕೊಂಡು, ಬಹಳ ದಿನಗಳ ನಂತರ ಮೊದಲ ಸಲ ಹಾದಿ ದಾಟಿ ಮೆಲಿಸ್‌ನ ಕೌಂಟರಿಗೆ ಬಂದ.

‘ಯಂತ್ರ ಕೊಂಡ್ರೆ ಕೈ ಬರಲ್ಲಪ್ಪಾ, ಮೆಲಿಸ್,’ ಎಂದ, ಎಲ್ಲರಿಗೂ ಕೇಳುವಂತೆ. ‘ನಿನ್ನ ಗಿರಾಕಿಗಳನ್ನ ನನ್ನ ಹತ್ರ ಕಳಿಸು. ನಾಚ್ಕೋಬೇಡ.’

ಜನ ತಿರುಗಿ ನೋಡಿದರು. ಮ್ಯಾನೇಜರ್ ಕೂಡ ನೋಡಿದ. ಕೌಂಟರಿನ ಒಳಗೆ ಬುರುಲ್ ತಲೆ ತಗ್ಗಿಸಿ ಕುಳಿತಿದ್ದಳು. ಮೆಲಿಸ್ ಕೂಗಾಡಲಿಲ್ಲ, ಹಪ್ಪಳದಂತೆ ಉಬ್ಬಿದ ಬೋರ್ಡೊಂದನ್ನು ಎರಡು ಕೈಯಲ್ಲೂ ಹಿಡಿದು, ಹಿರಿಯರಿಗೆ ಬಟ್ಟಲು ಕೊಡುವ ಮರ್ಯಾದೆಯಲ್ಲಿ ಮುಂದೆ ಚಾಚಿದ.

‘ಇಷ್ಟು ದಿನ ಜೆಂಗೆ ಕೈಲಿ ನಾನು ಕಳಿಸಿದ್ದನ್ನೆಲ್ಲ ಚೆನ್ನಾಗೇ ಮಾಡಿ ಕೊಡ್ತಿದ್ರಲ್ಲ, ಬೈಕೆ. ಈ ಸಲ ಏನಾಯ್ತು?’