ಗುಡ್ಡದಾಚೆಯ ಕಿವಿ

"ಒಂದಾನೊಂದು ಊರಲ್ಲಿ ಒಂದು ಗುಡ್ಡ ಇತ್ತಂತೆ. ಗುಡ್ಡದ ಈಚೆಗೆ ಒಂದು ಕೈ, ಆಚೆಗೆ ಒಂದು ಕಿವಿ. ಕೈಗೆ ಕಿವಿ ಕಾಣದು, ಕಿವಿಗೆ ಕೈ ಕಾಣದು. ಒಂದಿನ ಕೈಯಿ ಗುಡ್ಡ ಅತ್ತಕ್ಕೆ ಒಂಟ್ತಂತೆ."

"ದಾರೀಲಿ ಉಲಿ, ಕರಡಿ ಇತ್ತಾ ಅಕ್ಕ?"

"ಇಲ್ಲ ಕಣ್ಲಾ. ಬೋಳು ಗುಡ್ಡ. ಬಿರ್ರನೆ ನಡಿ."

ಅಜ್ಜಿ ದೊಡ್ಡಮಾದಮ್ಮ ಹೇಳುತ್ತಿದ್ದ ಕಥೆಗಳಿಗೆ ತಲೆಯೂ ಇರುತ್ತಿತ್ತು, ಬಾಲವೂ ಇರುತ್ತಿತ್ತು. ಇದು ನಾಗಮಣಿ ತಾನೇ ಕಟ್ಟಿದ್ದು. ಹೆದರಿಕೆಯಲ್ಲಿ ಕಟ್ಟಿದ್ದರಿಂದ ಬಾಲ ಇನ್ನೂ ಬಂದಿರಲಿಲ್ಲ.

ತಮ್ಮ ರಂಗರಾಜುವಿನ ಮುಂಗೈ ಬಿಗಿಯಾಗಿ ಹಿಡಿದು ಅವಳು ಹರವೆ ಊರಿನ ಶಾಲೆಯ ದಾರಿಯಲ್ಲಿ ಎಳೆದುಕೊಂಡು ಹೋಗುತ್ತಿದ್ದಳು. ಜೂನ್ ತಿಂಗಳ ಮಳೆ ಬಿದ್ದು ಮಣ್ಣು ಕಾಲಿಗೆ ಮೆತ್ತುತ್ತಿತ್ತು. ಅರಿಸಿನದ ಹೊಲಗಳಲ್ಲಿ ಹೆಂಗಸರು ಬಗ್ಗಿದ್ದರು. ಅವ್ವನೂ ಅಲ್ಲೆಲ್ಲೋ ಇದ್ದಳು. ಕೂಲಿ ಬಿಟ್ಟು ಬರುವಂತಿರಲಿಲ್ಲ. "ನಾನೇ ಇವನ್ನ ಸ್ಕೂಲಲ್ಲಿ ಕೂರಿಸ್ತೀನಿ, ನೀನು ಓಗವ್ವ" ಎಂದು ಬೆಳಿಗ್ಗೆ ನಾಗಮಣಿ ಮಾತು ಕೊಟ್ಟಿದ್ದಳು.

ಕೂರಿಸುವುದು ಅಷ್ಟು ಸಲೀಸಲ್ಲ. ಊರಲ್ಲಿ ಯಾರ ಮನೆಯಲ್ಲೂ ಮಕ್ಕಳು ಹುಟ್ಟಿದ ತಾರೀಕು ನೆನಪಿಲ್ಲ. ಹಾಗಾಗಿ ಮೇಷ್ಟ್ರು ಗುರುಮಲ್ಲಯ್ಯನವರದು ಒಂದೇ ಅಳತೆ. ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಒಂದನೇ ಕ್ಲಾಸು. ಮುಟ್ಟದಿದ್ದರೆ ಇನ್ನೊಂದು ವರ್ಷ ಮನೆ.

ಹೋದ ವರ್ಷ ರಂಗರಾಜುವಿನ ಬೆರಳು ಕಿವಿಗಿಂತ ಮೇಲೆಯೇ ನಿಂತುಬಿಟ್ಟಿತ್ತು. "ಇನ್ನೂ ಎಳೆಗರು, ಮುಂದಿನ ವರ್ಷ ಬಾಪ್ಪಾ" ಎಂದು ಮೇಷ್ಟ್ರು ಕೆನ್ನೆ ಚಿವುಟಿ ಕಳಿಸಿದ್ದರು. ರಂಗರಾಜು ಕುಣಿದುಕೊಂಡು ಮನೆಗೆ ಬಂದಿದ್ದ. ದಾರಿಯುದ್ದಕ್ಕೂ ಅತ್ತವಳು ನಾಗಮಣಿ.

ಈ ವರ್ಷ ಅವಳು ಏನನ್ನೂ ಬಿಟ್ಟಿರಲಿಲ್ಲ. ತೋಳಿಗೆ ಎಣ್ಣೆ ತಿಕ್ಕಿದ್ದಳು. ಹುಣಸೆ ಕೊಂಬೆಗೆ ಜೋತುಬೀಳಿಸಿ, ಕೈ ಉದ್ದವಾಗಲೆಂದು ಕಾಲು ಹಿಡಿದು ಜಗ್ಗಿದ್ದಳು. ಕೂದಲು ಹೋದರೆ ಗುಡ್ಡ ಒಂದಿಷ್ಟಾದರೂ ತಗ್ಗೀತೆಂದು ಅಜ್ಜಿಯನ್ನು ಕಾಡಿ, ಮಾದಪ್ಪನ ಬೆಟ್ಟದಲ್ಲಿ ಅವನ ಮುಡಿ ಕೊಡಿಸಿದ್ದಳು. ಅಲ್ಲಿ ಅಜ್ಜಿ ಬೇಡಿದ್ದು ಮಳೆಬೆಳೆ. ನಾಗಮಣಿ ಬೇಡಿದ್ದು ತಮ್ಮನಿಗೆ ಉದ್ದನೆಯ ಕೈ.

ಹಿಂದಿನಿಂದ ಪುಸ್ತಕದ ಚೀಲ ಕುಲುಕುವ ಸದ್ದು ಬಂತು. ಪಕ್ಕದ ಮನೆಯ ಶಿವರಂಜಿನಿ, ನಾಗಮಣಿಯ ಓರಗೆಯವಳು.

"ಏನಮ್ಮಿ, ಈ ವರ್ಷನೂ ಇವನ್ನ ಎತ್ಕಂಡು ವಾಪಸ್ ಓಯ್ತೀಯಾ?"

"ಈ ವರ್ಷ ಮುಟ್ತನೆ."

"ಇವನಾ? ಕೈ ನೋಡು, ಬೆಂಡೆಕಾಯಿ ಇದ್ದಂಗದೆ." ಶಿವರಂಜಿನಿ ಅವಳ ನೀಲಿ ಲಂಗವನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮಕ್ಕನ ಹಳೇ ಸ್ಕೂಲ್ ಲಂಗ ನಿಂಗೆ ದೊಗಳೆ ಕಣಮ್ಮಿ. ಪಿನ್ನಾದ್ರೂ ಆಕ್ಕಬಾರ್ದಾ?"

ನಗುತ್ತಾ ಮುಂದೆ ಓಡಿದಳು. ನಾಗಮಣಿ ಜಾರುತ್ತಿದ್ದ ಲಂಗವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅಕ್ಕ, ನಂಗೆ ಸ್ಕೂಲು ಬ್ಯಾಡ. ನಾನು ನೀನು ಮನೇಲೇ ಇರನ. ಕುಂಟೆಬಿಲ್ಲೆ ಆಡನ."

ಅವಳು ಅವನ ಮುಂಗೈ ಜಗ್ಗಿದಳು. "ಬಾಯ್ಮುಚ್ಕಂಡು ಬಾ," ಎಂದಳು. ದನಿ ಅವಳದ್ದಲ್ಲವೆಂಬಂತೆ ಕೇಳಿಸಿತು.

ಹೆಂಚಿನ ಶಾಲೆ ಕಂಡಿತು. ಅದರ ಸದ್ದೆಲ್ಲ ಅವಳಿಗೆ ಬಾಯಿಪಾಠ. ಗಂಟೆ, ಮಗ್ಗಿ, ಮೇಜಿಗೆ ಬಡಿಯುವ ಬೆತ್ತ.

ಜಗುಲಿಯಲ್ಲಿ ಹೊಸ ಮಕ್ಕಳ ಸಾಲು. ಒಬ್ಬ ಕಂಬ ತಬ್ಬಿಕೊಂಡು ಬಿಡಲೊಲ್ಲ. ಇನ್ನೊಬ್ಬಳು ಚಡ್ಡಿ ಒದ್ದೆ ಮಾಡಿಕೊಂಡು ನಿಂತಿದ್ದಳು. ರಂಗರಾಜುವಿನ ಮುಂದಿದ್ದ ಹುಡುಗ ಕೈ ಎತ್ತಿದ. ಕಿವಿ ಸಿಗಲಿಲ್ಲ. "ಮುಂದಿನ ವರ್ಷ," ಎಂದರು ಮೇಷ್ಟ್ರು. ಅವನ ತಾಯಿ ಅವನನ್ನು ಕಂಕುಳಿಗೆ ಎತ್ತಿಕೊಂಡು ಹೊರಟಳು. ನಾಗಮಣಿಗೆ ಆ ಕಂಕುಳು ತನ್ನದೇ ಅನ್ನಿಸಿತು.

"ಬಾರಪ್ಪ ಬೋಳುಗುಂಡ."

ರಂಗರಾಜು ಕೈ ಎತ್ತಿ, ಅಕ್ಕ ಹೇಳಿಕೊಟ್ಟಂತೆ ಮೆಲ್ಲಗೆ ತಲೆ ವಾಲಿಸಿದ.

"ವಾಲಬೇಡ," ಎಂದು ಮೇಷ್ಟ್ರು ಗಲ್ಲ ಹಿಡಿದು ತಲೆ ನೆಟ್ಟಗೆ ಮಾಡಿದರು. "ನಿಮ್ಮಕ್ಕ ಕಲಿಸಿದ್ದಾ ಇದು? ಭಲೆ ಕಿಲಾಡಿ."

ಸಿಕ್ಕಿಬಿದ್ದೆವು ಅಂದುಕೊಂಡಳು ನಾಗಮಣಿ. ಪುಟ್ಟ ಕೈ ನೆತ್ತಿ ಏರಿತು. ಆಚೆ ಇಳಿಯಿತು. ಕಿವಿಗಿಂತ ಮೇಲೆ, ಹೋದ ವರ್ಷ ನಿಂತ ಜಾಗದಲ್ಲೇ ನಿಂತಿತು. ರಂಗರಾಜು ಅಕ್ಕನ ಮುಖ ನೋಡಿದ. ಬೇಕೆಂದೇ ನಿಲ್ಲಿಸಿದ್ದಾನೋ, ಎಟುಕುತ್ತಿಲ್ಲವೋ, ತಿಳಿಯಲಿಲ್ಲ. ಅವಳ ಕಣ್ಣು ತುಂಬಿದ್ದವು.

"ಇಳಿ ಕಣ್ಲಾ," ಎಂದಳು ಪಿಸುದನಿಯಲ್ಲಿ. "ನಿನ್ನ ಕಾಲ್ಗೆ ಬೀಳ್ತೀನಿ, ಇಳಿ ಕಣ್ಲಾ."

ಬೆರಳು ಅಲುಗಿತು, ಚಾಚಿತು, ಕಿವಿಯ ಅಂಚನ್ನು ಹಿಡಿದು ಮಡಚಿಕೊಂಡಿತು.

"ಸೇರ್ಕೊಂಡ," ಎಂದರು ಗುರುಮಲ್ಲಯ್ಯ.

ರಂಗರಾಜು ಗೊಳೋ ಎಂದು ಅತ್ತ. ನಾಗಮಣಿ ಅವನನ್ನು ಎತ್ತಿಕೊಂಡು ಹೋಗಿ ಚಾಪೆಯ ಮೇಲೆ ಕೂರಿಸಿದಳು. ಮೂಗು ಒರೆಸಿದಳು. ಸ್ಲೇಟು ತೊಡೆಯ ಮೇಲಿಟ್ಟಳು. ಕೊಟ್ಟ ಮಾತು ನಡೆಸಿದ್ದಾಗಿತ್ತು. ಆದರೂ ಹೆದರಿಕೆ ಇಳಿಯಲಿಲ್ಲ.

"ಆಯ್ತಲ್ಲಮ್ಮಿ, ಇನ್ನು ನೀನು ಹೊರಡು," ಎಂದರು ಮೇಷ್ಟ್ರು. "ಇವನನ್ನ ನಾನು ನೋಡ್ಕೋತೀನಿ."

ನಾಗಮಣಿ ಹೊರಡಲಿಲ್ಲ. ದೊಗಳೆ ಲಂಗ ಒಟ್ಟುಮಾಡಿಕೊಂಡು, ಆ ಪುಟಾಣಿಗಳ ನಡುವೆ, ತಮ್ಮನ ಪಕ್ಕ ಕೂತಳು.

"ನನ್ ಎಸ್ರೂ ಬರ್ಕಳಿ ಸಾ. ಅಜ್ಜೀನೂ ಕೂಲಿಗೆ ಓಯ್ತದೆ, ಇವನ್ನ ನೋಡ್ಕಳಕ್ಕೆ ಯಾರೂ ಇಲ್ಲ ಅಂತ ಅವ್ವ ಇಷ್ಟು ವರ್ಷ ನನ್ನ ಮನೇಲೇ ಇಟ್ಕಂಡಿತ್ತು. ನಾನಿನ್ನೂ ಒಂದ್ನೇ ಕ್ಲಾಸ್ಗೇ ಸೇರಿಲ್ಲ."