ನಿಂಬೆವ್ವನ ಪಾಸ್‌ವರ್ಡು

ಈಗಿನ ಲ್ಯಾಪ್‌ಟಾಪುಗಳ ಬಿಗುಮಾನ ಎಷ್ಟೆಂದರೆ, ಒಡೆಯರೇ ಪಾಸ್‌ವರ್ಡು ಹೇಳಿದರೆ ತೆರೆಯುವುದಿಲ್ಲ. ಇನ್ನೊಬ್ಬರು ಎದುರು ಕೂತು ಬಾಯಿಬಿಟ್ಟು ಹೇಳಬೇಕು.

ಒಂಟಿ ಮುದುಕಿ ನಿಂಬೆವ್ವ ಮಧ್ಯಾಹ್ನವಾಗುತ್ತಲೇ ತನ್ನ ಪುಟ್ಟ ಲ್ಯಾಪ್‌ಟಾಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಣಿಯ ಟೇಲರ್ ಮಾಬುಸಾಬನ ಅಂಗಡಿಗೆ ಬಂದಳು. ಅವನು ಮಷೀನು ತುಳಿಯುವುದನ್ನು ನಿಲ್ಲಿಸದೆ, ತಲೆಯನ್ನೂ ಎತ್ತದೆ, ಆಕೆಯ ಪಾಸ್‌ವರ್ಡು ಹೇಳಿದ: "ಊಟ ಆತೇನ ಯಕ್ಕಾ?"

ಪರದೆ ಬೆಳಗಿತು.

"ಆತಪಾ. ಜುಣಕ ಮಾಡಿದ್ದೆ. ರೊಟ್ಟಿ ಒಂದೀಟು ಬಿರುಸಾಗಿದ್ವು, ನೀರಾಗ ಅದ್ದಿಕೊಂಡು..."

"ಅದು ತೆರೀತು ಯಕ್ಕಾ, ಸಾಕು," ಎಂದ ಮಾಬುಸಾಬ. "ಬಂದ್ ಮಾಡದ ಹಂಗ ಬಿಟ್ರ ದಿನಾ ಬರೂದು ತಪ್ಪತೈತಿ ನೋಡು."

"ಹೌದಲ್ಲ," ಎಂದಳು ನಿಂಬೆವ್ವ.

ಮನೆಗೆ ಬಂದವಳೇ, ಒಳಗೇನಿದೆಯೆಂದೂ ನೋಡದೆ ಅದನ್ನು ಬಂದ್ ಮಾಡಿದಳು. ಆಮೇಲೆ, ನಾಳೆಗೆ ಯಾವ ಪಲ್ಲೆ ಮಾಡಲಿ ಎಂದು ಯೋಚಿಸುತ್ತ ಕೂತಳು.